ಕಿರ್ದಿ ಪುಸ್ತಕದಲ್ಲಿ ಇಲ್ಲದ ಲೆಕ್ಕ

ನಮ್ಮ ಅಬ್ಬಾ ಹರಿಹರದಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ ನಡೆಸುತ್ತಿದ್ದರು. ಇಶಾ ನಮಾಝ್ ಮುಗಿಸಿ ಬಂದು, ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿ ಕಿರ್ದಿ ಪುಸ್ತಕ ಬಿಡಿಸಿ ಕುಳಿತರೆಂದರೆ, ಲೆಕ್ಕ ತಾಳೆಯಾಗುವವರೆಗೆ ಊಟಕ್ಕೆ ಏಳುತ್ತಿರಲಿಲ್ಲ. ಎರಡು ರೂಪಾಯಿ ಹೊಂದಿಕೆಯಾಗದಿದ್ದರೂ ಮತ್ತೆ ಮೊದಲಿನಿಂದ ಕೂಡುತ್ತಿದ್ದರು. ಪುಟದ ಕೊನೆಯಲ್ಲಿ ಶಿಲ್ಕು ಬರೆದು, ಮರುದಿನದ ಪುಟದ ತಲೆಗೆ ಅದನ್ನೇ ಏರಿಸಿ, ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡ ಮೇಲೆಯೇ ಅವರ ಆ ದಿನ ಮುಗಿಯುತ್ತಿತ್ತು.

2021ರಲ್ಲಿ ಅವರು ತೀರಿಕೊಂಡರು. ಮೃತರ ಆಸ್ತಿಯನ್ನು ಹಂಚುವ ಮುನ್ನ ಅವರ ಸಾಲ ಮತ್ತು ವಸಿಯ್ಯತ್‌ಗಳನ್ನು ಇತ್ಯರ್ಥಪಡಿಸಬೇಕೆಂಬುದು ಸೂರಃ ಅನ್ನಿಸಾದ ಆದೇಶ. ಅದರಂತೆ ಉದ್ರಿ ಪುಸ್ತಕವನ್ನೂ ತೆರೆದೆವು. ಅಬ್ಬಾ ಕೊಡಬೇಕಾದದ್ದು ಅಲ್ಪ. ಅವರಿಗೆ ಬರಬೇಕಾದದ್ದು ಹೆಚ್ಚು. ಒಂದು ಪುಟದಲ್ಲಿ ರಾಣೆಬೆನ್ನೂರಿನ ದುಲ್ಹಾಭಾಯಿಯವರ, ಅಂದರೆ ನಮ್ಮ ಆಪಾರ ಪತಿಯ ಹೆಸರಿತ್ತು. 2020ರ ಲಾಕ್‌ಡೌನ್‌ನಲ್ಲಿ ಅವರ ಹೊಲಿಗೆ ಅಂಗಡಿ ಮುಚ್ಚಿದ್ದಾಗ ತರಿಸಿಕೊಂಡ ಅಕ್ಕಿ, ಎಣ್ಣೆ, ಬೇಳೆ. ಒಟ್ಟು 18,400 ರೂಪಾಯಿ. ಆ ಪುಟವನ್ನು ನಾವು ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆವು ಮತ್ತು ಆ ಮೊತ್ತವನ್ನು ಆಪಾರ ಪಾಲಿನಿಂದ ಕಳೆದೆವು. ಆಪಾ ಏನೂ ಹೇಳಲಿಲ್ಲ. ಸಹಿ ಹಾಕಿ ಸಂಜೆಯ ಬಸ್ಸಿಗೆ ಹೊರಟುಹೋದರು.

ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಅಂದಿನ ಆ ಲೆಕ್ಕವನ್ನು ಇಬ್ಬರೂ ಕೂಡಿಯೇ ಮಾಡಿದ್ದರಿಂದ ಇದನ್ನೂ ಕೂಡಿಯೇ ಬರೆಯುತ್ತಿದ್ದೇವೆ.

ದಿನಚರಿ ಬರೆಯುವ ಯೋಚನೆ ಬಂದದ್ದು ಮರುವರ್ಷ, ಒಂದು ಜುಮಾ ಖುತ್ಬಾದ ನಂತರ. ಪರಲೋಕದಲ್ಲಿ ವಿಚಾರಣೆಗೆ ಒಳಗಾಗುವ ಮೊದಲು ಮನುಷ್ಯನು ತನ್ನನ್ನು ತಾನೇ ವಿಚಾರಣೆ ಮಾಡಿಕೊಳ್ಳಬೇಕೆಂಬ ಹಝ್ರತ್ ಉಮರ್(ರ)ರ ಉಪದೇಶವನ್ನು ಖತೀಬರು ಅಂದು ವಿವರಿಸಿದ್ದರು. ಈ ಸ್ವಯಂ ವಿಚಾರಣೆಗೆ ಮುಹಾಸಬಾ ಎಂದು ಹೆಸರು. ಕ್ರಿ.ಶ. 857ರಲ್ಲಿ ಬಗ್ದಾದಿನಲ್ಲಿ ನಿಧನರಾದ ಹಾರಿಸ್ ಅಲ್ ಮುಹಾಸಿಬೀ ಅವರಿಗೆ ಆ ಹೆಸರೇ ಈ ಅಭ್ಯಾಸದಿಂದ ಬಂದದ್ದು. ಮನೆಗೆ ಬರುವ ದಾರಿಯಲ್ಲಿಯೇ ಇನ್ನೂರು ಪುಟದ ಎರಡು ನೋಟ್‌ಬುಕ್ ಕೊಂಡೆವು. ಹಿಜರಿ 1444ರ ಮುಹರ್ರಮ್ ತಿಂಗಳ ಮೊದಲ ರಾತ್ರಿ ಬರೆಯಲು ಕುಳಿತೆವು.

ಮೊದಲ ತಿಂಗಳು ಬರೆದುದನ್ನು ಇಂದು ಓದಿದರೆ ನಾಚಿಕೆಯಾಗುತ್ತದೆ. ಒಬ್ಬರ ಪುಸ್ತಕದ ತುಂಬ ಕಚೇರಿಯವರ ತಪ್ಪುಗಳು, ಇನ್ನೊಬ್ಬರ ಪುಸ್ತಕದ ತುಂಬ ನೆರೆಹೊರೆಯವರ ಮಾತುಗಳು. ನಾಲಿಗೆಯಿಂದ ಆಡಿದರೆ ಗೀಬತ್ ಎನಿಸಿಕೊಳ್ಳುವುದನ್ನೇ ನಾವು ಶಾಯಿಯಿಂದ ಮಾಡುತ್ತಿದ್ದೆವು. ಅದು ತಿಳಿದ ಮೇಲೆ ಇನ್ನೊಂದು ಕಡೆಗೆ ಜಾರಿದೆವು. ಎಷ್ಟು ರಕಅತ್ ನಫಿಲ್, ಎಷ್ಟು ಪುಟ ತಿಲಾವತ್, ಎಷ್ಟು ಸದಖಾ ಎಂಬ ಅಂಕಿಗಳು ಸಾಲುಗಟ್ಟಿದವು. ಓದುವವರು ಯಾರೂ ಇಲ್ಲದಿದ್ದರೂ ಬರೆಯುವ ಕೈಗೆ ಯಾರೋ ಹೊಗಳುತ್ತಿರುವಂತೆ ಭಾಸವಾಗುತ್ತಿತ್ತು. ರಿಯಾಕ್ಕೆ ಪ್ರೇಕ್ಷಕರು ಬೇಕೇ ಬೇಕೆಂದಿಲ್ಲ, ತಾನೊಬ್ಬನೇ ಸಾಕು ಎಂಬುದು ನಮಗೆ ಆಗ ಮನವರಿಕೆಯಾಯಿತು.

ದಾರಿ ತೋರಿದ್ದು ಇಮಾಮ್ ಗಝ್ಝಾಲಿ. 1111ರಲ್ಲಿ ನಿಧನರಾದ ಈ ವಿದ್ವಾಂಸರು ತಮ್ಮ 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ಮುರಾಖಬಾ ಮತ್ತು ಮುಹಾಸಬಾಗಳಿಗೆ ಒಂದು ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿದ್ದಾರೆ. ಅವರ ಹೋಲಿಕೆ ವ್ಯಾಪಾರದ್ದು. ಬುದ್ಧಿ ವ್ಯಾಪಾರಿ, ಮನಸ್ಸು ಅವನ ಪಾಲುದಾರ. ಬೆಳಿಗ್ಗೆ ಪಾಲುದಾರನ ಕೈಗೆ ಬಂಡವಾಳ ಕೊಟ್ಟು ಷರತ್ತು ಹಾಕಬೇಕು, ಹಗಲೆಲ್ಲ ಕಣ್ಣಿಟ್ಟಿರಬೇಕು, ಸಂಜೆ ಲೆಕ್ಕ ಕೇಳಬೇಕು. ಕಡ್ಡಾಯ ಕರ್ಮಗಳು ಬಂಡವಾಳ, ನಫಿಲ್‌ಗಳು ಲಾಭ, ಪಾಪಗಳು ನಷ್ಟ. ಅದೇ ಗ್ರಂಥದಲ್ಲಿ ಚಿಂತನೆಯ ಕುರಿತು ಬರೆಯುವಾಗ, ಮನುಷ್ಯನನ್ನು ಕೆಡಿಸುವ ಮತ್ತು ಕಾಪಾಡುವ ಗುಣಗಳ ಒಂದು ಪಟ್ಟಿಯನ್ನು ಬರೆದಿಟ್ಟುಕೊಂಡು ಸಾಧಕನು ಪ್ರತಿದಿನ ಅದಕ್ಕೆ ತನ್ನನ್ನು ಹೋಲಿಸಿ ನೋಡಬೇಕೆಂದೂ ಹೇಳಿದ್ದಾರೆ. ಕಿರಾಣಿ ಅಂಗಡಿಯ ಮನೆಯವರಾದ ನಮಗೆ ಇದು ಅರ್ಥವಾಗದೆ ಇರಲು ಸಾಧ್ಯವಿರಲಿಲ್ಲ. ಅರ್ಥವಾದರೂ ಇಷ್ಟು ವರ್ಷ ಮಾಡದಿದ್ದುದೇ ಸೋಜಿಗ.

ಡೈರಿ ಎಂದರೆ ಹೊರಗಿನಿಂದ ಬಂದ ಫ್ಯಾಷನ್ ಎಂದು ಭಾವಿಸುವವರು ನಮ್ಮಲ್ಲಿದ್ದಾರೆ. ಬಗ್ದಾದಿನ ಹಂಬಲೀ ವಿದ್ವಾಂಸ ಇಬ್ನುಲ್ ಬನ್ನಾ ಅವರು 1068-69ರಲ್ಲಿ ತಮ್ಮ ಕೈಯಿಂದಲೇ ಬರೆದ ದಿನಚರಿಯ ಒಂದು ಭಾಗ ದಮಾಸ್ಕಸ್ಸಿನ ಗ್ರಂಥಾಲಯದಲ್ಲಿ ದೊರೆತು, ಇಪ್ಪತ್ತನೆಯ ಶತಮಾನದಲ್ಲಿ ಪ್ರಕಟವಾಗಿದೆ. ನಗರದ ಸುದ್ದಿ, ಸಾವುಗಳು, ವಿದ್ವಾಂಸರ ಜಗಳಗಳು, ಕಂಡ ಕನಸುಗಳು ಎಲ್ಲವೂ ಅದರಲ್ಲಿವೆ.

ಇಶಾದ ನಂತರ ಮೂರೇ ಸಾಲು ಎಂದು ನಾವು ನಿಯಮ ಮಾಡಿಕೊಂಡೆವು. ಫಜ್ರ್ ವೇಳೆ ಮಾಡಿದ ಸಂಕಲ್ಪವೇನು, ಅದು ಏನಾಯಿತು, ಯಾರಿಗೆ ಏನು ಬಾಕಿ. ಇತರರ ತಪ್ಪು ಬರೆಯುವಂತಿಲ್ಲ. ಅಲ್ಲಾಹನು ಮುಚ್ಚಿಟ್ಟ ಪಾಪವನ್ನು ಕಾಗದದ ಮೇಲೆ ಬಿಚ್ಚಿಡುವಂತೆಯೂ ಇಲ್ಲ. ತನ್ನ ಪಾಪವನ್ನು ತಾನೇ ಬಯಲು ಮಾಡಿಕೊಳ್ಳುವುದನ್ನು ಪ್ರವಾದಿ(ಸ)ರು ಖಂಡಿಸಿದ್ದಾರೆ. ಮನೆಯಲ್ಲಿ ಓದು ಬಲ್ಲ ಮಕ್ಕಳೂ ಇದ್ದಾರೆ. ಅಂಥ ದಿನ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು ಇಸ್ತಿಗ್‌ಫಾರ್ ಮಾಡಿ ಪುಸ್ತಕ ಮುಚ್ಚುತ್ತೇವೆ. ಮೊಬೈಲಿನಲ್ಲಿ ಬರೆಯಲು ಒಮ್ಮೆ ಪ್ರಯತ್ನಿಸಿದೆವು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಯಾರದೋ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡುತ್ತಿದ್ದೆವು.

ಬರೆದರೆ ಮನಸ್ಸು ಹಗುರವಾಗುತ್ತದೆ ಎನ್ನುವುದು ಸುಳ್ಳಲ್ಲ, ಆದರೆ ತಕ್ಷಣವೇ ಅಲ್ಲ. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನೋವಿಜ್ಞಾನಿ 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ತಮ್ಮ ಬದುಕಿನ ನೋವಿನ ಸಂಗತಿಗಳ ಬಗ್ಗೆ ಬರೆದರು. ಘಟನೆಯನ್ನೂ ಭಾವನೆಯನ್ನೂ ಸೇರಿಸಿ ಬರೆದವರು ಬರೆದ ದಿನಗಳಲ್ಲಿ ಹೆಚ್ಚು ಕಳವಳಗೊಂಡಿದ್ದರು. ಆದರೆ ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಅವರು ಹೋದದ್ದು ಕಡಿಮೆ. ನಮ್ಮ ಮಟ್ಟಿಗೆ ಆ ಮೊದಲ ಅರ್ಧವಂತೂ ಅಕ್ಷರಶಃ ನಿಜವಾಯಿತು. ಏಕೆಂದರೆ 'ಯಾರಿಗೆ ಏನು ಬಾಕಿ' ಎಂಬ ಮೂರನೆಯ ಸಾಲಿನಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರತೊಡಗಿತು: ಆಪಾರಿಗೆ ಫೋನ್ ಮಾಡಬೇಕು.

ಒಂದು ಶುಕ್ರವಾರ ಎಣಿಸಿ ನೋಡಿದೆವು. ಎರಡೂ ಪುಸ್ತಕಗಳಲ್ಲಿ ಸೇರಿ ನಲವತ್ತಮೂರು ಬಾರಿ ಆ ಮಾತಿತ್ತು. ಫೋನ್ ಒಮ್ಮೆಯೂ ಹೋಗಿರಲಿಲ್ಲ. ಬರೆಯದಿದ್ದರೆ ಅದು ಕೇವಲ ಮರೆವು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ನಲವತ್ತಮೂರು ಸಲ ಯಾರೂ ಮರೆಯುವುದಿಲ್ಲ. ಏಕೆ ಹೋಗಲಿಲ್ಲ ಎಂದು ಆ ರಾತ್ರಿ ಮೂರು ಸಾಲಿನ ನಿಯಮ ಮುರಿದು ಬರೆದೆವು. ಎರಡು ಪುಟ ತುಂಬುವಷ್ಟರಲ್ಲಿ ಉತ್ತರ ಹೊರಬಂತು: ನಾವು ತಪ್ಪು ಮಾಡಿದ್ದೆವು ಮತ್ತು ಅದು ನಮಗೆ ಅಂದೇ ಗೊತ್ತಿತ್ತು.

ಸಾಲ ದುಲ್ಹಾಭಾಯಿಯವರದು. ಪಾಲು ಆಪಾರದು. ಪತ್ನಿಯ ಆಸ್ತಿ ಪತ್ನಿಯದೇ. ಪತಿಯ ಸಾಲಕ್ಕೆ ಅದನ್ನು ಹಿಡಿಯಲು ಶರೀಅತ್ ಯಾರಿಗೂ ಅಧಿಕಾರ ಕೊಟ್ಟಿಲ್ಲ. ಅಂದು ನಾವು ಸೂರಃ ಅಲ್ ಬಕರಃದ 282ನೆಯ ಆಯತ್ತನ್ನು ಉಲ್ಲೇಖಿಸಿ ವಾದಿಸಿದ್ದೆವು. ಕುರ್‌ಆನಿನ ಅತ್ಯಂತ ದೀರ್ಘ ಆಯತ್ ಅದು, ಸಾಲವನ್ನು ಬರೆದಿಡುವ ಬಗ್ಗೆ. ಎರಡೇ ಆಯತ್ ಹಿಂದೆ, ಸಾಲಗಾರನು ಕಷ್ಟದಲ್ಲಿದ್ದರೆ ಅವನಿಗೆ ಅವಕಾಶ ಕೊಡಬೇಕು, ಬಿಟ್ಟುಕೊಡುವುದಾದರೆ ಅದು ಇನ್ನೂ ಉತ್ತಮ ಎಂಬ 280ನೆಯ ಆಯತ್ ಇದೆ. ಅದನ್ನು ನಾವು ಓದಿರಲಿಲ್ಲ ಎಂದಲ್ಲ. ಬೇಕಾದದ್ದನ್ನು ತೆಗೆದುಕೊಂಡು ಮುಸ್‌ಹಫ್ ಮುಚ್ಚಿದ್ದೆವು.

ಭಾನುವಾರ ರಾಣೆಬೆನ್ನೂರಿಗೆ ಹೋದೆವು. ಲಕೋಟೆಯಲ್ಲಿ 18,400 ರೂಪಾಯಿ ಇತ್ತು, ಜೊತೆಗೆ ಆ ಉದ್ರಿಯಲ್ಲಿ ನಮ್ಮ ಪಾಲಿಗೆ ಬರುವುದನ್ನು ಬಿಟ್ಟುಕೊಟ್ಟಿದ್ದೇವೆ ಎಂಬ ಚೀಟಿ. ಆಪಾ ಬಾಗಿಲಲ್ಲಿ ನಿಂತು ಸಲಾಮಿಗೆ ಉತ್ತರಿಸಿದರು, ಒಳಗೆ ಕರೆದರು, ಚಹಾ ಇಟ್ಟರು. ಲಕೋಟೆಯನ್ನು ಬಹಳ ಹೊತ್ತು ಮುಟ್ಟಲಿಲ್ಲ.

"ಹಣ ಹೋಯಿತೆಂದು ನಾನು ಅತ್ತಿಲ್ಲ, ಭಾಯಿ" ಎಂದರು. "ಅಬ್ಬಾ ಆ ಪುಟವನ್ನು ಯಾರಿಗೂ ತೋರಿಸಿರಲಿಲ್ಲ. ನೀನು ಹತ್ತು ಜನರ ಮುಂದೆ ಅವರ ಹೆಸರು ಹಿಡಿದು ಓದಿದೆ."

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಕ್ಷಮೆ ಕೇಳಿದೆವು. ಆಪಾ ಕಣ್ಣೊರೆಸಿಕೊಂಡು ಲಕೋಟೆ ತೆಗೆದುಕೊಂಡರು, ಮಕ್ಕಳ ಬಗ್ಗೆ ವಿಚಾರಿಸಿದರು, ಹೊರಡುವಾಗ ಒಂದು ಡಬ್ಬಿ ಖಜೂರ ಕೊಟ್ಟರು. ದುಲ್ಹಾಭಾಯಿ ಅಂಗಡಿಯಲ್ಲಿದ್ದರು. ಬಸ್ ನಿಲ್ದಾಣಕ್ಕೆ ಹೋಗುವಾಗ ಆ ರಸ್ತೆಯಲ್ಲೇ ಹಾದೆವು. ಅವರು ಯಂತ್ರದ ಮೇಲಿನಿಂದ ತಲೆಯೆತ್ತಿ ಸಲಾಮಿಗೆ ಉತ್ತರ ಕೊಟ್ಟು ಮತ್ತೆ ಹೊಲಿಗೆಗೆ ಬಾಗಿದರು. ಬಸ್ಸಿಗೆ ಹೊತ್ತಾಯಿತು ಎಂದು ನಾವು ನಿಲ್ಲಲಿಲ್ಲ. ಹೊತ್ತೇನೂ ಆಗಿರಲಿಲ್ಲ.

ಆ ರಾತ್ರಿ ಮೂರನೆಯ ಸಾಲಿನಲ್ಲಿ ಆಪಾರ ಹೆಸರಿನ ಮೇಲೆ ಗೀಟು ಎಳೆದೆವು. ಕೆಳಗೆ ದುಲ್ಹಾಭಾಯಿಯವರ ಹೆಸರು ಬರೆದು, ಅಬ್ಬಾ ಮಾಡುತ್ತಿದ್ದಂತೆ, ಮರುದಿನದ ಪುಟದ ತಲೆಗೆ ಅದನ್ನು ಶಿಲ್ಕಾಗಿ ಏರಿಸಿದೆವು. ಈ ಬರಹ ಬರೆಯುವ ಹೊತ್ತಿಗೂ ಅದು ಅಲ್ಲಿಯೇ ಇದೆ. ಬರುವ ಭಾನುವಾರದ ಬಸ್ಸಿಗೆ ಟಿಕೆಟ್ ತೆಗೆದಿದ್ದೇವೆ.