170 ವೋಲ್ಟು

ಪೀಣ್ಯದ ಪುಟ್ಟ ಎಲೆಕ್ಟ್ರಾನಿಕ್ಸ್ ಕಂಪನಿಯೊಂದಕ್ಕೆ ಶಿರಸಿಯ ಮನೆಯಿಂದಲೇ ಫರ್ಮ್‌ವೇರ್ ಬರೆದುಕೊಡುತ್ತೇನೆ. ಗುತ್ತಿಗೆ ಕೆಲಸ. ಪಿಎಫ್ ಇಲ್ಲ, ಬಿಲ್ಲಿನಲ್ಲಿ 10% ಟಿಡಿಎಸ್ ಮುರಿದು ಉಳಿದದ್ದು ಬಂದಾಗ ಬಂತು. ಬೋರ್ಡು ಕೊರಿಯರಿನಲ್ಲಿ ಬರುತ್ತದೆ. (ಗುಳ್ಳೆ ಪ್ಲಾಸ್ಟಿಕ್ಕು ಅಮ್ಮನ ಪಾಲು.)

ಮೊನ್ನೆಯ ಪಂಪ್ ಕಂಟ್ರೋಲರ್ ಪೀಣ್ಯದಲ್ಲಿ ಮೂರು ದಿನ ಚೆನ್ನಾಗಿಯೇ ಓಡಿತ್ತಂತೆ. ಇಲ್ಲಿ ಪಕ್ಕದ ತೋಟದ ಮೋಟರು ಚಾಲೂ ಆದಾಗಲೆಲ್ಲ ರೀಸೆಟ್! ಮೀಟರ್ ಹಿಡಿದರೆ 230 ಇರಬೇಕಾದಲ್ಲಿ ಒಂದು ಕ್ಷಣ 170. ಅಷ್ಟರಲ್ಲಿ ರಿಲೇ ಟಕ್ ಅಂದರೆ ಚಿಪ್ಪಿಗೆ ಬೇಕಾದ 3.3 ವೋಲ್ಟೂ ಉಳಿಯುವುದಿಲ್ಲ.

"ಸ್ಟೆಬಿಲೈಸರ್ ಹಾಕಿ ಟೆಸ್ಟ್ ಮಾಡಿ ಸಾರ್" ಅಂದರು ಕಂಪನಿಯವರು. ಕೊಳ್ಳುವ ರೈತ ಹಾಕುತ್ತಾನೆಯೇ?

ದೊಡ್ಡದೊಂದು ಕೆಪಾಸಿಟರ್ ಬೆಸೆದು ವಿಡಿಯೊ ಕಳಿಸಿದೆ. ನೀಲಿ ಟಿಕ್ಕು ಬಿದ್ದಿದೆ. ಉತ್ತರ ಬಂದಿಲ್ಲ, ಹೋದ ತಿಂಗಳ ಬಿಲ್ಲಿಗೂ.