ಹೆಬ್ಬೆಟ್ಟಿನ ರುಜು

ತಳಿಯಿಂದ ವಿದ್ಯಾರ್ಥಿಗಳೊಡನೆ ಹೊಗೇನಕಲ್ಲಿಗೆ ಪ್ರವಾಸ ಹೋಗಿದ್ದೆವು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಅವರು ಕಬಿನಿಯಲ್ಲಿ 120 ಪೌಂಡು ತೂಕದ ಬಿಳಿಮೀನನ್ನು ಗಾಳಕ್ಕೆ ಹಿಡಿದ ಸಂಗತಿಯನ್ನು ಹರಿಗೋಲಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದೆವು. ಹುಟ್ಟು ಹಾಕುತ್ತಿದ್ದ ತಾತ ನಕ್ಕರು. ಹಿಂದೆ ಭೀಮೇಶ್ವರಿಯಲ್ಲಿ ಗಾಳಕ್ಕೆ ರಾಗಿಯ ಉಂಡೆ ಕಟ್ಟಿ, ವಿದೇಶೀಯರಿಗೆ ಮೀನು ಹಿಡಿಸಿದವರಂತೆ ಅವರು!

ಊರ ಕೆರೆಯಲ್ಲಿ ಗಾಳ ಹಾಕುವ ನಮ್ಮ ಹುಡುಗರಿಗೆ ಸಿನಿಮಾ ನಟನೇ ಸಿಕ್ಕಂತಾಯಿತು. ನೋಟುಪುಸ್ತಕ ಚಾಚಿ ರುಜು ಬೇಡಿದರು.

"ನನಗೆ ಅಕ್ಷರ ಬಾರದಪ್ಪ" ಎಂದರು ತಾತ. "ಹಿಡಿದ ಮೀನನ್ನು ತೂಗಿ ಹೊಳೆಗೇ ಬಿಡುತ್ತಿದ್ದೆವು. ಈಗ ಅವೇ ಅಪರೂಪ."

ಕಾವೇರಿಯ ಡುಬ್ಬದ ಬಿಳಿಮೀನು 2018ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಹುಡುಗರು ಶಾಯಿ ಹಚ್ಚಿ ಪಡೆದ ತಾತನ ಹೆಬ್ಬೆಟ್ಟಿನ ಗುರುತು ಈಗ ನಮ್ಮ ತರಗತಿಯ ಗೋಡೆಯ ಮೇಲಿದೆ. ಅಕ್ಷರ ಕಲಿಸುವ ನಾವು ದಿನವೂ ಅದನ್ನು ನೋಡಿಯೇ ಪಾಠ ಆರಂಭಿಸುತ್ತೇವೆ.