ಹೆಸರು ಮತ್ತು ಹೊಣೆ

ಬೆಂಗಳೂರಿನ ಮಲ್ಲೇಶ್ವರದಿಂದ ಯಶವಂತಪುರದತ್ತ ಸಾಗುವ ಬಸ್ಸುಗಳಲ್ಲಿ ನಿರ್ವಾಹಕರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕೂಗುವುದನ್ನು ನಮ್ಮಲ್ಲಿ ಬಹಳ ಮಂದಿ ಕೇಳಿರಬಹುದು. ಆ ವಿದ್ಯಾಕೇಂದ್ರದ ನಿಜವಾದ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಅದರ ಸ್ಥಾಪನೆಗೆಂದು ತಮ್ಮ ಸಂಪತ್ತಿನ ಸುಮಾರು ಅರ್ಧಭಾಗವನ್ನು ಮುಡಿಪಾಗಿಟ್ಟ ಜಮ್‌ಷೆಟ್‌ಜಿ ಟಾಟಾ ಅವರು ಸಂಸ್ಥೆಗೆ ತಮ್ಮ ಹೆಸರಿಡಬೇಕೆಂದು ಬಯಸಲಿಲ್ಲ. ಅವರು ಬೇಡವೆಂದದ್ದನ್ನು ಜನರು ತಾವಾಗಿಯೇ ಕೊಟ್ಟರು. ನೂರು ವರ್ಷಗಳು ಕಳೆದರೂ ಹಿಂತೆಗೆದುಕೊಳ್ಳಲಿಲ್ಲ. ಕೀರ್ತಿ ಎಂಬುದರ ಸ್ವಭಾವವೇ ಇಂಥದ್ದೇನೋ!

ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಲ್ಲಿ ವ್ಯಾಸಂಗ ಮಾಡುತ್ತಿದ್ದ ವರ್ಷಗಳಲ್ಲಿ ಈ ಸಂಸ್ಥೆ ನಮ್ಮ ನೆರೆಮನೆಯಂತಿತ್ತು. ನಾವು ತತ್ತ್ವಶಾಸ್ತ್ರದ ಪುಸ್ತಕಗಳನ್ನು ತಿರುವುತ್ತಿದ್ದ ಹೊತ್ತಿನಲ್ಲಿ, ಸಮೀಪದಲ್ಲೇ ನಮ್ಮ ವಯಸ್ಸಿನ ತರುಣರು ಲೋಹಗಳ, ಅಣುಗಳ, ಗಾಳಿಯ ಚಲನೆಯ ರಹಸ್ಯಗಳನ್ನು ಅರಸುತ್ತಿದ್ದರು. ರಾತ್ರಿ ಬಹಳ ಹೊತ್ತಿನವರೆಗೂ ಅಲ್ಲಿನ ಪ್ರಯೋಗಾಲಯಗಳ ದೀಪಗಳು ಉರಿಯುತ್ತಿದ್ದವು. ಆ ದೀಪಗಳ ಬಗ್ಗೆ ನನಗಿದ್ದ ಗೌರವ ಇಂದಿಗೂ ಕುಂದಿಲ್ಲ.

ಆ ಗೌರವವೇ ಈ ಲೇಖನಕ್ಕೆ ಕಾರಣ. ಕೆಲವು ತಿಂಗಳುಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಒಬ್ಬ ತಂದೆ ತಮ್ಮ ಮಗಳನ್ನು ನನ್ನ ಬಳಿ ಕರೆತಂದರು. ಅವಳು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. “ಫಾದರ್, ಇವಳಿಗಾಗಿ ವಿಶೇಷವಾಗಿ ಪ್ರಾರ್ಥಿಸಿ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸೀಟು ಸಿಗಲೇಬೇಕು. ಸಿಗದಿದ್ದರೆ ಇಷ್ಟು ವರ್ಷ ಓದಿಸಿದ್ದೆಲ್ಲ ನೀರುಪಾಲು,” ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಸಾಲ ಮಾಡಿ ಓದಿಸುವ ತಂದೆಯ ಆತಂಕವಿತ್ತು. ಹುಡುಗಿ ಮಾತ್ರ ನೆಲ ನೋಡುತ್ತ ನಿಂತಿದ್ದಳು. ನಾನು ಅವಳನ್ನು, “ನಿನಗೆ ಯಾವ ವಿಷಯ ಇಷ್ಟ, ಮಗಳೇ?” ಎಂದು ಕೇಳಿದೆ. ಅವಳು ತಂದೆಯ ಮುಖ ನೋಡಿದಳು. ಉತ್ತರ ಬರಲಿಲ್ಲ.

ಆ ಮೌನ ನನ್ನನ್ನು ಬಹಳ ದಿನ ಕಾಡಿತು. ಒಂದು ಸಂಸ್ಥೆಯ ಹೆಸರು ಒಂದು ಮಗುವಿನ ಮಾತನ್ನೇ ಕಸಿಯಬಲ್ಲುದಾದರೆ, ಆ ಹೆಸರು ಹೇಗೆ ಹುಟ್ಟಿತು, ಅದರೊಳಗೆ ಏನಿದೆ ಎಂದು ನಾವು ವಿಚಾರಿಸಬೇಡವೇ?

ಟಾಟಾ ಅವರ ಯೋಜನೆಯನ್ನು 1898ರ ಕೊನೆಯಲ್ಲಿ ನಿಯೋಜಿತ ವೈಸರಾಯ್ ಕರ್ಜನ್ ಅವರ ಮುಂದಿಟ್ಟಾಗ ಅವರಿಗೆ ಎರಡು ಸಂಶಯಗಳಿದ್ದವು: ಇಷ್ಟು ಉನ್ನತ ಶಿಕ್ಷಣಕ್ಕೆ ಭಾರತದಲ್ಲಿ ವಿದ್ಯಾರ್ಥಿಗಳು ಸಿಗುವರೇ? ಕಲಿತವರಿಗೆ ಉದ್ಯೋಗ ದೊರೆಯುವುದೇ? ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುವ ಪ್ರಶ್ನೆಗಳೇ ಇವು! ಟಾಟಾ 1904ರಲ್ಲಿ ತೀರಿಕೊಂಡರು. ತಾವು ಕನಸು ಕಂಡ ಸಂಸ್ಥೆಯ ಒಂದು ಗೋಡೆಯನ್ನೂ ಕಾಣಲಿಲ್ಲ. ಅವರ ಮಕ್ಕಳು ತಂದೆಯ ಮಾತನ್ನು ಉಳಿಸಿಕೊಂಡರು. ನೊಬೆಲ್ ಪುರಸ್ಕೃತ ವಿಜ್ಞಾನಿ ವಿಲಿಯಂ ರಾಮ್ಸೆ ಬೆಂಗಳೂರೇ ಯೋಗ್ಯ ಸ್ಥಳವೆಂದು ಸೂಚಿಸಿದರು. ಮೈಸೂರು ಸಂಸ್ಥಾನವು 1907ರಲ್ಲಿ 371 ಎಕರೆ ಭೂಮಿಯನ್ನು ನೀಡಿತು. 1909ರಲ್ಲಿ ಸಂಸ್ಥೆ ವಿಧ್ಯುಕ್ತವಾಗಿ ಸ್ಥಾಪನೆಗೊಂಡಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ನೆರವೇರಿಸಿದರು. ಅದೇ ವರ್ಷ ಸೇರಿದ ಮೊದಲ ವಿದ್ಯಾರ್ಥಿಗಳ ಸಂಖ್ಯೆ ಕೇವಲ 24. ಅಂದು ಆ ಸಂಸ್ಥೆಗೆ ಯಾವ ಕೀರ್ತಿಯೂ ಇರಲಿಲ್ಲ. ಕೊಟ್ಟವರ ನಂಬಿಕೆ ಇತ್ತು, ಕಲಿಯಬಂದವರ ಧೈರ್ಯ ಇತ್ತು.

ಇಂದು ಅದರ ಹಿರಿಮೆ ಅಂಕಿಗಳಲ್ಲಿ ಅಳೆಯಲ್ಪಡುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಲ್ಲಿ 2016ರಿಂದ 2025ರವರೆಗೆ ಪ್ರತಿವರ್ಷವೂ ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಮೊದಲ ಸ್ಥಾನ ಇದರದೇ. ಇದು ಕನ್ನಡ ನಾಡಿಗೆ ಹೆಮ್ಮೆಯ ವಿಷಯ, ಸಂದೇಹವಿಲ್ಲ. ಆದರೆ ಅಂಕಿಗಳ ಇನ್ನೊಂದು ಮುಖವನ್ನೂ ನೋಡೋಣ. ಕ್ಯೂಎಸ್ ಎಂಬ ಅಂತರರಾಷ್ಟ್ರೀಯ ಪಟ್ಟಿಯ 2022ರ ಆವೃತ್ತಿಯಲ್ಲಿ, ಪ್ರಾಧ್ಯಾಪಕರ ಸಂಖ್ಯೆಗೆ ಅನುಗುಣವಾಗಿ ಅವರ ಸಂಶೋಧನೆಯನ್ನು ಇತರ ವಿದ್ವಾಂಸರು ಎಷ್ಟು ಬಾರಿ ಉಲ್ಲೇಖಿಸುತ್ತಾರೆ ಎಂಬ ಅಳತೆಯಲ್ಲಿ ಈ ಸಂಸ್ಥೆ ನೂರಕ್ಕೆ ನೂರು ಅಂಕ ಪಡೆದು ಜಗತ್ತಿಗೇ ಮೊದಲನೆಯದಾಯಿತು. ಆದರೆ ಅದೇ ಪಟ್ಟಿಯ ಒಟ್ಟು ಲೆಕ್ಕದಲ್ಲಿ ಅದರ ಸ್ಥಾನ 186. ಒಂದೇ ಸಂಸ್ಥೆ, ಒಂದೇ ವರ್ಷ, ಒಂದೇ ಪಟ್ಟಿ! ಇಂಥ ಪಟ್ಟಿಗಳಲ್ಲಿ ‘ಜನರು ಏನೆನ್ನುತ್ತಾರೆ’ ಎಂಬುದಕ್ಕೂ ಅಂಕಗಳಿವೆ. ಹೀಗೆ ಹೆಸರು ಹೆಸರನ್ನೇ ಹೆರುತ್ತದೆ. ಅಳತೆಗೋಲು ಬದಲಾದರೆ ಸ್ಥಾನ ಬದಲಾಗುತ್ತದೆ. ಒಳಗಿನ ಕೆಲಸ ಮಾತ್ರ ಇದ್ದ ಹಾಗೆಯೇ ಇರುತ್ತದೆ.

ದೊಡ್ಡ ಸಂಸ್ಥೆಗಳ ತಕ್ಕಡಿಯೂ ಕೆಲವೊಮ್ಮೆ ತಪ್ಪುತ್ತದೆ. 1933ರಲ್ಲಿ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದವರು ಸರ್ ಸಿ.ವಿ. ರಾಮನ್. ಮುಂಬಯಿಯಿಂದ ಉತ್ತಮ ಅಂಕಗಳೊಂದಿಗೆ ಬಂದ ಕಮಲಾ ಭಾಗವತ್ ಎಂಬ ತರುಣಿಗೆ, ಹೆಣ್ಣೆಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದರು. ಆಕೆ ಹಿಂಜರಿಯಲಿಲ್ಲ, ಪಟ್ಟು ಹಿಡಿದು, ಕಠಿಣ ಷರತ್ತುಗಳನ್ನು ಒಪ್ಪಿ ಸೇರಿಕೊಂಡರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಕಮಲಾ ಸೊಹೋನಿ ಎಂದು ಹೆಸರಾದ ಅವರು ಮುಂದೆ ಬಡವರ ಆಹಾರದ ಪೌಷ್ಟಿಕತೆಯನ್ನು ಅಧ್ಯಯನ ಮಾಡಿದರು.

ಕೇರಳದ ಪೀರ್‌ಮೇಡಿನ ಸಿರಿಯನ್ ಕ್ರೈಸ್ತ ಕುಟುಂಬದಲ್ಲಿ 1918ರಲ್ಲಿ ಹುಟ್ಟಿದ ಅನ್ನಾ ಮಣಿ ಅವರ ಕಥೆ ಇನ್ನೂ ಮನಕಲಕುವಂಥದ್ದು. 1940ರಿಂದ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳು ಸೂಸುವ ಬೆಳಕನ್ನು ಪರೀಕ್ಷಿಸುತ್ತ ಅವರು ಹಗಲಿರುಳು ದುಡಿದರು. 1945ರಲ್ಲಿ ಮಹಾಪ್ರಬಂಧವನ್ನು ಮದ್ರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ದೊರೆಯಲಿಲ್ಲ. ಅವರು ದೂರುತ್ತ ಕೂರಲಿಲ್ಲ. ಹವಾಮಾನ ಇಲಾಖೆಗೆ ಸೇರಿ, ಮಳೆ, ಗಾಳಿ, ಬಿಸಿಲುಗಳನ್ನು ಅಳೆಯುವ ಉಪಕರಣಗಳು ಭಾರತದಲ್ಲೇ ತಯಾರಾಗುವಂತೆ ಶ್ರಮಿಸಿದರು. ಪದವಿ ಕೊಡದ ಹೆಸರನ್ನು ಕೆಲಸ ಕೊಟ್ಟಿತು.

ಕೀರ್ತಿಯನ್ನು ಹೇಗೆ ಹೊರಬೇಕೆಂದು ತೋರಿಸಿದವರೂ ಆ ಸಂಸ್ಥೆಯಲ್ಲಿದ್ದರು. ಪ್ರೊ. ಸತೀಶ್ ಧವನ್ 1962ರಿಂದ 1981ರವರೆಗೆ ಅಲ್ಲಿನ ನಿರ್ದೇಶಕರು. 1972ರಿಂದ ಬಾಹ್ಯಾಕಾಶ ಸಂಸ್ಥೆ ಇಸ್ರೋಗೂ ಅಧ್ಯಕ್ಷರು. 1979ರ ಆಗಸ್ಟ್‌ನಲ್ಲಿ ಎಸ್‌ಎಲ್‌ವಿ-3 ರಾಕೆಟ್ಟು ವಿಫಲವಾಗಿ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರ ಮುಂದೆ ನಿಂತು ಸೋಲಿನ ಹೊಣೆಯನ್ನು ತಾವೇ ಹೊತ್ತರು. 1980ರ ಜುಲೈನಲ್ಲಿ ಯಶಸ್ಸು ಬಂದಾಗ ಯೋಜನೆಯ ನಾಯಕ ಅಬ್ದುಲ್ ಕಲಾಂ ಅವರನ್ನು ಪತ್ರಕರ್ತರ ಬಳಿಗೆ ಕಳುಹಿಸಿದರು. ಕಲಾಂ ಅವರೇ ಇದನ್ನು ಮುಂದೆ ಮತ್ತೆ ಮತ್ತೆ ನೆನೆದರು. ಸೋಲು ನನ್ನದು, ಗೆಲುವು ನಿಮ್ಮದು ಎನ್ನಬಲ್ಲ ಹಿರಿಯರಿದ್ದಲ್ಲಿ ಕಿರಿಯರು ಭಯವಿಲ್ಲದೆ ಬೆಳೆಯುತ್ತಾರೆ. ಇದು ಸಂಸ್ಥೆಗೂ ಸರಿ, ಸಂಸಾರಕ್ಕೂ ಸರಿ.

ನಮ್ಮ ಹಳ್ಳಿಗಳ ತಾಯಂದಿರಿಗೆ ಈ ಸಂಸ್ಥೆ ಬೇರೊಂದು ದಾರಿಯಲ್ಲಿ ಪರಿಚಿತವಾಯಿತು. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಅಗತ್ಯಗಳಿಗೆ ಒಗ್ಗಿಸುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ವಿಜ್ಞಾನಿಗಳು ಜನರೊಡನೆ ಬೆರೆತು ಕೆಲಸ ಮಾಡಿದರು. ಕಡಿಮೆ ಸೌದೆಯಲ್ಲಿ ಉರಿದು, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ‘ಅಸ್ತ್ರ ಒಲೆ’ ಅವರ ಕೊಡುಗೆ. ಅಡುಗೆಮನೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ತಾಯಿಗೆ ದೊರೆತ ಆ ನೆಮ್ಮದಿಗೆ ಯಾವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಂಕ ಕೊಡುತ್ತಾರೆ?

ಸೀಟು ಸಿಕ್ಕ ಮಾತ್ರಕ್ಕೆ ಬದುಕು ದಡ ಸೇರಿತೆಂಬುದೂ ನಿಜವಲ್ಲ. 2021ರಲ್ಲಿ ಈ ಸಂಸ್ಥೆಯ ಕೆಲವು ವಿದ್ಯಾರ್ಥಿಗಳು ತಾವಾಗಿಯೇ ಬದುಕಿಗೆ ವಿದಾಯ ಹೇಳಿದ ಸುದ್ದಿ ಓದಿ ನಾಡೇ ಮರುಗಿತು. ಅವರವರ ಎದೆಯ ಭಾರ ಏನಿತ್ತೆಂದು ಹೊರಗಿನವರು ತೀರ್ಪು ಕೊಡಲಾಗದು. ಆದರೆ ಎಷ್ಟೇ ಎತ್ತರದ ಹೆಸರೂ ಒಳಗಿನ ನೋವಿಗೆ ಕವಚವಾಗಲಾರದು ಎಂಬುದನ್ನು ಹೆತ್ತವರಾದ ನಾವು ಮರೆಯಬಾರದು. ಹೆತ್ತವರೆಂಬ ಮಾತಿನಲ್ಲಿ ಮಕ್ಕಳನ್ನು ನಮ್ಮ ಕೈಗೊಪ್ಪಿಸಿರುವ ಗುರುಗಳನ್ನೂ ಶಿಕ್ಷಕರನ್ನೂ ಸೇರಿಸಿಯೇ ಹೇಳುತ್ತೇನೆ.

ಪ್ರಿಯ ಓದುಗರೇ, ನಿಮ್ಮ ಮಕ್ಕಳು ಇಂಥ ಸಂಸ್ಥೆಗಳಿಗೆ ಹೋಗಲಿ ಎಂದು ಆಶಿಸಿರಿ. ಪ್ರತಿವರ್ಷ ಅಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನವೊಂದಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿರಿ. ಆದರೆ ಫಲಿತಾಂಶದ ದಿನ ಮಗು ಮನೆಗೆ ಬಂದಾಗ ಮೊದಲು ಅನ್ನ ಬಡಿಸಿರಿ, ಆಮೇಲೆ ಅಂಕ ಕೇಳಿರಿ.

ಆ ತಂದೆಯೊಡನೆ ನಾನು ಮತ್ತೊಮ್ಮೆ ನಿಧಾನವಾಗಿ ಮಾತನಾಡಿದೆ. ಅನ್ನಾ ಮಣಿಯವರ ಕಥೆಯನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಅವಳಿಗೆ ಏನಿಷ್ಟವೋ ನಾನು ಕೇಳಿಯೇ ಇಲ್ಲ, ಫಾದರ್,” ಎಂದರು. ಅವಳಿಗೆ ಗಿಡಮರಗಳ ಬಗ್ಗೆ ಆಸಕ್ತಿಯಂತೆ. ಎಲೆಗಳನ್ನು ಒಣಗಿಸಿ ಹೆಸರು ಬರೆದಿಟ್ಟ ಎರಡು ನೋಟ್‌ಬುಕ್‌ಗಳು ಮನೆಯಲ್ಲಿವೆಯಂತೆ. ಪರೀಕ್ಷೆಯ ಫಲಿತಾಂಶ ಇನ್ನೂ ಬರಬೇಕಿದೆ. ಆ ನೋಟ್‌ಬುಕ್‌ಗಳನ್ನು ತಂದೆ ಈಗ ಓದಿದ್ದಾರೆ.